19ನೇ ವಿಧಿಯ ‘ಎಫ್’ ಎಲ್ಲಿ ಹೋಯಿತು?

ಹೊಸ ಬ್ಯಾಚ್ ಶುರುವಾದ ಮೊದಲ ವಾರ ನಾನು ಹುಡುಗರ ನೋಟ್‌ಬುಕ್ ತೆಗೆಸಿ ನೋಡುತ್ತೇನೆ. ಸಂವಿಧಾನ ತಿದ್ದುಪಡಿಯ ಪುಟ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ. ಎಡಕ್ಕೆ ಸಂಖ್ಯೆ, ನಡುವೆ ಇಸವಿ, ಬಲಕ್ಕೆ ಒಂದು ಸಾಲಿನ ವಿವರ. ಮುಖ್ಯವಾದದ್ದಕ್ಕೆ ಹಳದಿ ಹೈಲೈಟರ್. ಕೊನೆಗೆ ನೋಡಿದರೆ ಪುಟವೆಲ್ಲ ಹಳದಿ. 1951ರ ಒಂದನೇ ತಿದ್ದುಪಡಿಯಿಂದ 2023ರ ಮಹಿಳಾ ಮೀಸಲಾತಿವರೆಗೆ 106 ಸಾಲು. ರೂಮಿನಲ್ಲಿ ಗಡಗಡ ಒಪ್ಪಿಸಿದವರೇ ಪರೀಕ್ಷೆಯ ದಿನ 73 ಪಂಚಾಯ್ತಿಯೋ ನಗರಸಭೆಯೋ ಎಂದು ಪೆನ್ನು ಕಚ್ಚುತ್ತಾ ಕೂರುತ್ತಾರೆ.

ಧಾರವಾಡದಲ್ಲಿ ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರಿಗೆ ಸಂವಿಧಾನ ಪಾಠ ಮಾಡುವುದು ನನ್ನ ಕಸುಬು. ಬಾಯಿಪಾಠ ತಪ್ಪು ಅಂತ ನಾನು ಹೇಳುವವನಲ್ಲ. ಮಗ್ಗಿ ಬಾಯಿಪಾಠ ಮಾಡದೆ ಯಾರು ಲೆಕ್ಕ ಕಲಿತಿದ್ದಾರೆ? ಆದರೆ ಮಗ್ಗಿಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ನಂಟಿದೆ. 60ನೇ ತಿದ್ದುಪಡಿಗೂ 61ಕ್ಕೂ ಏನು ನಂಟು? ಒಂದು ವೃತ್ತಿ ತೆರಿಗೆಯ ಮಿತಿ ಏರಿಸಿದ್ದು, ಇನ್ನೊಂದು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು. ಸುಮ್ನೆ ಒಂದರ ಹಿಂದೆ ಒಂದು ನಿಂತಿವೆ, ಬಸ್ ಸ್ಟ್ಯಾಂಡಿನ ಸಾಲಿನ ಹಾಗೆ.

ಹಾಗಾಗಿ ಆ ಪಟ್ಟಿ ಮುಚ್ಚಿಸಿ ‘ಬೇರ್ ಆ್ಯಕ್ಟ್’ ತೆರೆಸುತ್ತೇನೆ. ಗೈಡ್ ಅಲ್ಲ, ವ್ಯಾಖ್ಯಾನ ಇಲ್ಲದ ಸಂವಿಧಾನದ ಪುಸ್ತಕ. 19ನೇ ವಿಧಿ, ಒಂದನೇ ಉಪವಿಧಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಎ, ಮಾತಾಡುವ ಸ್ವಾತಂತ್ರ್ಯ. ಬಿ, ಶಾಂತಿಯಿಂದ ಸಭೆ ಸೇರುವುದು. ಸಿ, ಸಂಘ ಕಟ್ಟುವುದು. ಡಿ, ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವುದು. ಇ, ಎಲ್ಲಿ ಬೇಕಾದರೂ ನೆಲೆಸುವುದು. ಆಮೇಲೆ ಜಿ, ಉದ್ಯೋಗ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇಲ್ಲಿ ತಡೆಯುತ್ತಾರೆ. “ಸರ್, ಎಫ್ ಪ್ರಿಂಟ್ ಆಗಿಲ್ರಿ.”

ಪ್ರಿಂಟ್ ತಪ್ಪಲ್ಲ. ಪುಟದ ಕೆಳಗೆ ಸಣ್ಣ ಅಕ್ಷರ ಓದು ಅನ್ನುತ್ತೇನೆ. 44ನೇ ತಿದ್ದುಪಡಿ, 1978, ಕೈಬಿಡಲಾಗಿದೆ, 20-6-1979ರಿಂದ ಜಾರಿ. ಅಲ್ಲಿ ಇದ್ದದ್ದು ಆಸ್ತಿ ಮಾಡುವ, ಇಟ್ಟುಕೊಳ್ಳುವ, ಮಾರುವ ಹಕ್ಕು. ಆಸ್ತಿಯದ್ದೇ ಆದ 31ನೇ ವಿಧಿಯೂ ಅದರ ಜೊತೆಗೇ ಹೋಯಿತು. ಹಾಗಾದರೆ ಆಸ್ತಿಗೆ ರಕ್ಷಣೆ ಇಲ್ಲವಾ? ಇದೆ. ಪುಸ್ತಕದಲ್ಲಿ ಮುಂದಕ್ಕೆ ಹೋಗಿ 300ಎ ನೋಡಿ. ಮೂಲಭೂತ ಹಕ್ಕಾಗಿದ್ದದ್ದು ಬರೀ ಕಾನೂನಿನ ಹಕ್ಕಾಗಿ ಅಲ್ಲಿ ಕೂತಿದೆ.

ಯಾಕೆ ಹೀಗಾಯಿತು ಎಂದು ಎಳೆ ಹಿಡಿದು ಹೊರಟರೆ ಇಡೀ ಭೂಮಿಯ ಜಗಳ ಸಿಗುತ್ತದೆ. ಜಮೀನ್ದಾರಿ ರದ್ದು ಮಾಡುವ ಕಾನೂನುಗಳು ಬಂದವು. ಜಮೀನ್ದಾರರು ಕೋರ್ಟಿಗೆ ಹೋದರು. ಸಂವಿಧಾನಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಒಂದನೇ ತಿದ್ದುಪಡಿ ಬಂದು 31ಎ, 31ಬಿ, ಒಂಬತ್ತನೇ ಅನುಸೂಚಿ ಹುಟ್ಟಿದವು. ಆ ಅನುಸೂಚಿ ಒಂದು ಪಟ್ಟಿ, ಅದರೊಳಗೆ ಇಟ್ಟ ಕಾನೂನನ್ನು ಮೂಲಭೂತ ಹಕ್ಕಿನ ಹೆಸರಲ್ಲಿ ಕೋರ್ಟು ರದ್ದು ಮಾಡಬಾರದು ಎಂಬ ಲೆಕ್ಕ. 1967ರಲ್ಲಿ ಗೋಲಕ್‌ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂಲಭೂತ ಹಕ್ಕನ್ನು ಸಂಸತ್ತು ಮುಟ್ಟುವಂತಿಲ್ಲ ಎಂದಿತು. 1971ರಲ್ಲಿ 24 ಮತ್ತು 25ನೇ ತಿದ್ದುಪಡಿ ಅದಕ್ಕೆ ಉತ್ತರ. ಈ ತಿದ್ದುಪಡಿಗಳನ್ನು ಒರೆಗೆ ಹಚ್ಚಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಪ್ರಕರಣ. ಸ್ವಾಮೀಜಿ ಪ್ರಶ್ನಿಸಿದ್ದು ಕೇರಳದ ಭೂಸುಧಾರಣಾ ಕಾನೂನನ್ನು. 29ನೇ ತಿದ್ದುಪಡಿ ಆ ಕಾನೂನಿಗೆ ಕೇರಳ ಮಾಡಿದ್ದ ಬದಲಾವಣೆಗಳನ್ನು ಒಂಬತ್ತನೇ ಅನುಸೂಚಿಯೊಳಗೆ ಇಟ್ಟಿತು. 24 ಏಪ್ರಿಲ್ 1973ರಂದು 13 ನ್ಯಾಯಮೂರ್ತಿಗಳ ಪೀಠ 7-6ರಲ್ಲಿ ತೀರ್ಪು ಕೊಟ್ಟಿತು: ತಿದ್ದಬಹುದು, ಆದರೆ ಮೂಲ ರಚನೆ ಕೆಡಿಸುವಂತಿಲ್ಲ. ಕಾಣೆಯಾದ ಒಂದು ‘ಎಫ್’ ಹುಡುಕಲು ಹೋಗಿ 1, 24, 25, 29, 44 ಐದೂ ಕೈಗೆ ಬಂದವು, ಅಲ್ವಾ?

ಖಾಲಿ ಜಾಗ ತಿದ್ದುಪಡಿಯ ಒಂದು ಗುರುತು. ಚೌಕ ಕಂಸ ಇನ್ನೊಂದು. ಪ್ರಸ್ತಾವನೆಯಲ್ಲೇ ಸಮಾಜವಾದಿ, ಜಾತ್ಯತೀತ ಪದಗಳ ಸುತ್ತ ಕಂಸ ಇದೆ, ಕೆಳಗೆ 42ನೇ ತಿದ್ದುಪಡಿ ಎಂದಿದೆ. ಮೂರನೆಯದು ಅಂಕಿಯ ಬಾಲದಲ್ಲಿರುವ ಅಕ್ಷರ. 21ಎ, 51ಎ, 371ಜೆ, ಹೀಗೆ. 1950ರಲ್ಲಿ ಇದ್ದದ್ದು 1ರಿಂದ 395, ಬಾಲವಿಲ್ಲದ ಅಂಕಿಗಳು. ನಡುವೆ ಹೊಸದನ್ನು ಸೇರಿಸುವಾಗ ಹಳೆಯ ಸಂಖ್ಯೆ ಅಲುಗಾಡಬಾರದು ಎಂದು ಅಕ್ಷರ ಹಚ್ಚುತ್ತಾರೆ.

ಇಲ್ಲಿಗೆ ಬಂದಾಗ 73, 74ರ ಗೊಂದಲ ಬಿಡಿಸುತ್ತೇನೆ. ಮೊದಲೆಲ್ಲ ನಾನೂ ಸೂತ್ರ ಹೇಳಿಕೊಡುತ್ತಿದ್ದೆ. ‘ನಗರಸಭೆ 243ಪಿಯಿಂದ ಶುರು, ಪಿ ಅಂದರೆ ಪಟ್ಟಣ.’ ಒಬ್ಬ ಹುಡುಗ ಎದ್ದು, “ಸರ್, ಪಂಚಾಯ್ತಿನೂ ಪಿ ಅಲ್ಲೇನ್ರಿ?” ಅಂದ. ಅವತ್ತಿಗೆ ಆ ಸೂತ್ರ ಮುಗಿಯಿತು. ಈಗ ಬೇರೆ ಕತೆ ಹೇಳುತ್ತೇನೆ. 1950ರಲ್ಲಿ ರಾಜ್ಯಗಳಿಗೆ ಎ, ಬಿ, ಸಿ, ಡಿ ಎಂಬ ದರ್ಜೆಗಳಿದ್ದವು. ಮುಂಬೈ ರಾಜ್ಯದಲ್ಲಿದ್ದ ನಮ್ಮ ಧಾರವಾಡ ಎ. ಮೈಸೂರು ಬಿ, ಹೈದರಾಬಾದಿನಲ್ಲಿದ್ದ ರಾಯಚೂರೂ ಬಿ. ಕೊಡಗು ಸಿ. ಅಂಡಮಾನ್ ಒಂದೇ ಡಿ, ಅದಕ್ಕೆಂದೇ ಒಂಬತ್ತನೇ ಭಾಗದಲ್ಲಿ ಒಂಟಿ ವಿಧಿ, 243. 1956ರ ನವೆಂಬರ್ 1ಕ್ಕೆ 7ನೇ ತಿದ್ದುಪಡಿ ಜಾರಿಯಾಗಿ ದರ್ಜೆಗಳೇ ಹೋದವು. ಏಳನೇ ಭಾಗವೂ ಒಂಬತ್ತನೇ ಭಾಗವೂ ಖಾಲಿ ಬಿದ್ದವು. ಏಳು ಇವತ್ತಿಗೂ ಖಾಲಿ. ಒಂಬತ್ತರ ಬಾಗಿಲು 1992ರಲ್ಲಿ ತೆಗೆದರು. ಇದ್ದದ್ದು 243 ಎಂಬ ಒಂದೇ ಖೋಲಿ. ಮೊದಲು ಹಳ್ಳಿಯವರು ಬಂದು 243ಓವರೆಗೆ ಜಾಗ ಹಿಡಿದರು, ಅದು 73. ಹಿಂದೆಯೇ ಪಟ್ಟಣದವರು 243ಪಿಯಿಂದ ಕೂತರು, ಅದು 74. ಅಕ್ಷರ ಸಾಲದೆ ಜೆಡ್‌ಎ, ಜೆಡ್‌ಬಿ ಅಂತ ಹೋಗಬೇಕಾಯಿತು. ಹಳ್ಳಿಯವರಿಗೆ 11ನೇ ಅನುಸೂಚಿಯ 29 ವಿಷಯ, ಪಟ್ಟಣದವರಿಗೆ 12ನೆಯದರ 18. ಈ ಕತೆ ಕೇಳಿದವರು ಅದಲುಬದಲು ಮಾಡಿದ್ದು ನಾನು ನೋಡಿಲ್ಲ.

ಇನ್ನು ನನ್ನದೇ ಒಂದು ಎಡವಟ್ಟು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಬಂದ ಹೊಸದರಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ‘118ನೇ ತಿದ್ದುಪಡಿ’ ಎಂದು ಬರೆದುಬಿಟ್ಟೆ. ಪೇಪರಿನಲ್ಲಿ ಹಾಗೇ ಓದಿದ್ದೆ. ರಾಯಚೂರಿನ ಹುಡುಗಿ ಕೈ ಎತ್ತಿ, “ಸರ್, ಅದು ತೊಂಬತ್ತೆಂಟು ಅಲ್ಲೇನ್ರಿ?” ಅಂದಳು. ಅವಳ ಊರಿನ ವಿಷಯ, ಅವಳು ಬಿಟ್ಟಾಳೆಯೇ. 118 ಮಸೂದೆಯ ಸಂಖ್ಯೆ. ಮಂಡಿಸಿದ ಮಸೂದೆಗಳೆಲ್ಲ ಪಾಸಾಗುವುದಿಲ್ಲ, ಹಾಗಾಗಿ ಎರಡು ಎಣಿಕೆಗಳ ನಡುವೆ ಅಂತರ ಬೀಳುತ್ತದೆ. ಜಿಎಸ್‌ಟಿ 122ನೇ ಮಸೂದೆ, 101ನೇ ತಿದ್ದುಪಡಿ. ಮಹಿಳಾ ಮೀಸಲಾತಿ 128ನೇ ಮಸೂದೆ, 106ನೇ ತಿದ್ದುಪಡಿ. ಪ್ರಶ್ನೆಪತ್ರಿಕೆಯ ನಾಲ್ಕು ಆಯ್ಕೆಗಳಲ್ಲಿ ಈ ಎರಡೂ ಸಂಖ್ಯೆ ಇರುತ್ತವೆ, ಹುಷಾರು. ಇಸವಿಯದ್ದೂ ಇದೇ ಪಾಡು. ಶಿಕ್ಷಣದ ಹಕ್ಕಿನ 21ಎ ತಂದ 86ನೇ ತಿದ್ದುಪಡಿ 2002ರದ್ದು, ಜಾರಿಗೆ ಬಂದದ್ದು 1 ಏಪ್ರಿಲ್ 2010ಕ್ಕೆ.

ಎಲ್ಲ 106 ನನಗೂ ಬಾಯಿಗೆ ಬರುವುದಿಲ್ಲ. ಒಂಬತ್ತನೇ ಅನುಸೂಚಿಗೆ ಒಂದಿಷ್ಟು ಕಾನೂನು ಸೇರಿಸಿದ ತಿದ್ದುಪಡಿಗಳನ್ನು ಒಂದೇ ಗಂಟು ಕಟ್ಟಿ ಇಟ್ಟುಬಿಡಿ. ಎಂಟನೇ ಅನುಸೂಚಿಗೆ ಭಾಷೆ ಸೇರಿಸಿದವು ಮೂರೇ: 21ರಲ್ಲಿ ಸಿಂಧಿ, 71ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 92ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ. ಹದಿನಾಲ್ಕಿದ್ದದ್ದು 22 ಆಯಿತು.

ಕೊನೆಯ ತರಗತಿಗೆ 334ನೇ ವಿಧಿ ಇಟ್ಟುಕೊಂಡಿರುತ್ತೇನೆ. ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟರಿಗೆ ಇರುವ ಮೀಸಲು ಸ್ಥಾನಗಳ ಅವಧಿ ಅಲ್ಲಿದೆ. ನೌಕರಿಯ ಮೀಸಲಾತಿಗೂ ಇದಕ್ಕೂ ಸಂಬಂಧವಿಲ್ಲ, ಇದನ್ನು ವರ್ಷಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ. 1950ರಲ್ಲಿ ಅಲ್ಲಿ ‘ಹತ್ತು ವರ್ಷ’ ಎಂದಿತ್ತು. ಈಗ ಕಂಸದೊಳಗೆ ‘ಎಂಬತ್ತು ವರ್ಷ’ ಎಂದಿದೆ. ನಡುವೆ ಎಷ್ಟು ಸಲ ತಿದ್ದಿರಬೇಕು, ಲೆಕ್ಕ ಹಾಕಿ ಎಂದೆ ಈ ಸಲ. ಮುಂದಿನ ಬೆಂಚಿನ ಹುಡುಗಿ ಬೆರಳು ಮಡಚಿ ಏಳು ಅಂದಳು. ಸರಿ: 8, 23, 45, 62, 79, 95, 104. ಬರೆದುಕೊಂಡು ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು.

“ಹಂಗಾದ್ರ 2030ಕ್ಕ ಇನ್ನೊಂದು ಬರ್ತದೇನ್ರಿ, ಸರ್?”

ಪಕ್ಕದಲ್ಲಿ ಒಂದು ಸಾಲು ಬಿಟ್ಟುಕೊಳ್ಳವ್ವಾ ಎಂದೆ, ಪೆನ್ಸಿಲ್ಲಿನಲ್ಲಿ.