ಪರವೂರಿನ ಪಿಯಾನೊ ಮುಂದೆ ಕುಳಿತಾಗ

ಕಲಬುರಗಿಯಲ್ಲಿ ಕೀಬೋರ್ಡ್ ಮೇಲೆ ಅಭ್ಯಾಸ ಮಾಡಿ, ಪಿಯಾನೊ ಪರೀಕ್ಷೆಗೆಂದು ಹೈದರಾಬಾದಿಗೋ ಬೆಂಗಳೂರಿಗೋ ಹೊರಡುವ ಗೆಳೆಯರಿಗಾಗಿ ಈ ಟಿಪ್ಪಣಿ. ಮನೆಯಲ್ಲಿ 61 ಕೀಗಳ ಹಗುರ ವಾದ್ಯ. ಅಲ್ಲಿ 88 ಕೀಗಳ, ತಂತಿ ಬಿಗಿದ ನಿಜವಾದ ಪಿಯಾನೊ. ಪಾಠ ಬಾಯಿಪಾಠವಾಗಿದ್ದರೂ ಕೈ ತಡವರಿಸುತ್ತದೆ. ಹೆಸರಾಂತ ಪಿಯಾನೊ ವಾದಕ ವ್ಲಾದಿಮಿರ್ ಹೊರೊವಿಟ್ಜ್ 1986ರಲ್ಲಿ ಮಾಸ್ಕೋದಲ್ಲಿ ನುಡಿಸಲು ತಮ್ಮ ಸ್ವಂತ ಸ್ಟೈನ್‌ವೇ ಪಿಯಾನೊವನ್ನೇ ಸಾಗಿಸಿಕೊಂಡು ಹೋಗಿದ್ದರು. ನಾವು ಎದುರಿಗೆ ಸಿಕ್ಕಿದ್ದನ್ನೇ ಒಲಿಸಿಕೊಳ್ಳಬೇಕು.

ಮೊದಲು ಒಳಗಿನ ಕೆಲಸ ಅರಿಯೋಣ. ಕೀ ಒತ್ತಿದರೆ ಫೆಲ್ಟ್ ಹೊದಿಸಿದ ಸುತ್ತಿಗೆ ತಂತಿಯತ್ತ ಚಿಮ್ಮುತ್ತದೆ. ತಂತಿಗೆ ತಾಗುವ ತುಸು ಮೊದಲೇ ಅದು ಕೀಯ ಹಿಡಿತದಿಂದ ಬಿಡಿಸಿಕೊಂಡಿರುತ್ತದೆ. ಆದ್ದರಿಂದ ನಾದ ಜೋರೋ ಮೆಲುವೋ ಎಂಬುದು ಸುತ್ತಿಗೆಯ ವೇಗಕ್ಕೆ ಬಿಟ್ಟದ್ದು. ಕೀ ತಳ ಮುಟ್ಟಿದ ಮೇಲೆ ಎಷ್ಟು ಅದುಮಿದರೂ ಏನೂ ಬದಲಾಗದು. ಭಜನೆಯ ಹಾರ್ಮೋನಿಯಂನಿಂದ ಬಂದವರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು: ಅಲ್ಲಿ ಏರಿಳಿತ ತಿದಿ ಒತ್ತುವ ಕೈಯಲ್ಲಿದೆ, ಇಲ್ಲಿ ಬೆರಳಲ್ಲಿದೆ.

ಹೊಸ ವಾದ್ಯದ ಮುಂದೆ ಕುಳಿತ ಕೂಡಲೇ ಎಲ್ಲರೂ ವೇಗದ ಸ್ಕೇಲ್ (ಸ್ವರಗಳ ಏರಿಳಿತದ ಸಾಲು) ಓಡಿಸುತ್ತಾರೆ. ಅದರಿಂದ ತಿಳಿಯುವುದು ಕಡಿಮೆ. ಸ್ಟೂಲಿನ ಎತ್ತರ ಸರಿಪಡಿಸಿಕೊಂಡು, ನಡುವಿನ ಒಂದು ಕೀಯನ್ನು ಬಹಳ ನಿಧಾನವಾಗಿ ಇಳಿಸಿ. ತಂತಿಗಳು ಅಡ್ಡಲಾಗಿ ಮಲಗಿರುವ ಗ್ರ್ಯಾಂಡ್ ಪಿಯಾನೊ ಆಗಿದ್ದರೆ ತಳದ ಹತ್ತಿರ ಬೆರಳಿಗೆ ಸಣ್ಣದೊಂದು ತಡೆ ಸಿಗುತ್ತದೆ, ನಾದ ಮಾತ್ರ ಹೊರಡುವುದಿಲ್ಲ. ಮತ್ತೆ ಒತ್ತಿ, ಈ ಸಲ ಕೂದಲೆಳೆಯಷ್ಟು ಬೇಗ. ನಾದ ಈಗಷ್ಟೇ ಕೇಳಿತು ಎನ್ನುವ ಆ ಗೆರೆ ಸಿಕ್ಕರೆ ಆ ಪಿಯಾನೊದ ಅತಿ ಮೆಲು ದನಿ ನಿಮಗೆ ಸಿಕ್ಕಂತೆ. ಅಲ್ಲಿಂದ ಮೇಲಕ್ಕೆ ಕಿವಿಯೇ ದಾರಿ ತೋರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪೆಡಲುಗಳನ್ನೂ ನೋಡಿಕೊಳ್ಳಿ. ನಾದವನ್ನು ನಿಲ್ಲದಂತೆ ಉಳಿಸುವ ಬಲ ಪೆಡಲ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಪ್ರತಿ ವಾದ್ಯದಲ್ಲೂ ಬೇರೆ. ಗ್ರ್ಯಾಂಡ್‌ನಲ್ಲಿ ನಾದ ಮೆಲುವಾಗಿಸುವ ಎಡ ಪೆಡಲ್ ತುಳಿದರೆ ಇಡೀ ಕೀ ಸಾಲೇ ಪಕ್ಕಕ್ಕೆ ಸರಿಯುತ್ತದೆ. ಮೊದಲ ಬಾರಿ ಕಂಡವರು ಬೆಚ್ಚುವುದುಂಟು. ನೆಟ್ಟಗೆ ನಿಲ್ಲುವ ಅಪ್‌ರೈಟ್‌ನಲ್ಲಿ ಹಾಗಾಗದು, ಸುತ್ತಿಗೆಗಳಷ್ಟೇ ತಂತಿಗಳಿಗೆ ಹತ್ತಿರವಾಗುತ್ತವೆ. ಗ್ರ್ಯಾಂಡ್‌ನಲ್ಲಿ ಕೀ ಪೂರ್ತಿ ಮೇಲೇಳುವ ಮುನ್ನವೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಅಪ್‌ರೈಟ್‌ನಲ್ಲಿ ಬೆರಳು ಇನ್ನಷ್ಟು ಮೇಲೆ ಬರಬೇಕು. ಹಾಗಾಗಿ ಅದರಲ್ಲಿ ಒಂದೇ ಸ್ವರ ಬೇಗಬೇಗ ಮರುಕಳಿಸುವ ಕಡೆ ಗತಿಯನ್ನು ತುಸು ತಗ್ಗಿಸುವುದೇ ಜಾಣತನ.

ಹವೆಯ ಪಾಲೂ ಇದೆ. ನಮ್ಮ ಬೇಸಿಗೆಯಂಥ ಒಣ ಬಿಸಿಲಿಗೆ ಮರ ಕುಗ್ಗಿ ಶ್ರುತಿ ಇಳಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಶ್ರುತಿ ಏರುತ್ತದೆ, ಕೆಲವು ಕೀಗಳು ಕೆಳಗೇ ಕಚ್ಚಿಕೊಳ್ಳುತ್ತವೆ. ಅಂಥ ಕೀ ಕಂಡರೆ ಶುರುಮಾಡುವ ಮೊದಲೇ ಪರೀಕ್ಷಕರಿಗೆ ಹೇಳಿಬಿಡಿ, ಸಂಕೋಚ ಬೇಡ.

ಮನೆಯಲ್ಲಿ ಮಾಡಬಹುದಾದದ್ದು: ಕೀಬೋರ್ಡಿನಲ್ಲಿ ಸ್ಪರ್ಶದ ಸೆಟ್ಟಿಂಗ್ (ಎಷ್ಟು ಒತ್ತಿಗೆ ಎಷ್ಟು ನಾದ ಎಂಬುದು) ಇದ್ದರೆ ದಿನಕ್ಕೊಂದರಂತೆ ಬದಲಿಸಿ, ಅದೇ ಪಾಠವನ್ನು ಅದೇ ನಾದ ಬರುವಂತೆ ನುಡಿಸಿ. ಗೆಳೆಯರ ಮನೆಗೆ ಹೋದಾಗ ಅವರ ವಾದ್ಯದ ಮೇಲೂ ನಾಲ್ಕು ಸಾಲು ನುಡಿಸಿ ಬನ್ನಿ.