ಹಳಿ ಮೇಲೆ ಹೊರಟ ಯುದ್ಧ

1914ರ ಆಗಸ್ಟ್ 1, ಶನಿವಾರ ಸಂಜೆ. ಬರ್ಲಿನ್ ಅರಮನೆ. ಸೈನ್ಯ ಹೊರಡಿಸುವ ಆದೇಶಕ್ಕೆ ಜರ್ಮನಿಯ ದೊರೆ ಕೈಸರ್ ಎರಡನೇ ವಿಲ್‌ಹೆಲ್ಮ್ ಸಹಿ ಹಾಕಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಆಗ ಲಂಡನ್ನಿನಿಂದ ಜರ್ಮನ್ ರಾಯಭಾರಿಯ ತಂತಿ ಬಂತು. ನಾವು ಫ್ರಾನ್ಸ್ ತಂಟೆಗೆ ಹೋಗದಿದ್ದರೆ ಬ್ರಿಟನ್ ಸುಮ್ಮನಿರುತ್ತದೆ, ಫ್ರಾನ್ಸನ್ನೂ ಸುಮ್ಮನಿರಿಸುತ್ತದೆ ಎನ್ನುವ ಅರ್ಥ ಅದರಲ್ಲಿತ್ತು. ಕೈಸರ್‌ಗೆ ಖುಷಿಯೋ ಖುಷಿ. ಹಾಗಾದರೆ ಪಡುವಣದ ಗೊಡವೆಯೇ ಬೇಡ, ಸೈನ್ಯವನ್ನೆಲ್ಲ ಮೂಡಣಕ್ಕೆ, ರಷ್ಯಾ ಕಡೆಗೆ ತಿರುಗಿಸಿ ಎಂದ.

ಎದುರಿಗಿದ್ದ ದಂಡನಾಯಕ ಮೋಲ್ಟ್‌ಕೆಯ ಮುಖ ಕಪ್ಪಿಟ್ಟಿತು. ಆಗೋದಿಲ್ಲ ಎಂದ. ಒಂದಿಡೀ ವರ್ಷ ಕೂತು ಮಾಡಿದ ರೈಲು ವೇಳಾಪಟ್ಟಿ ಅದು. ಯಾವ ತುಕಡಿ ಯಾವ ನಿಲ್ದಾಣದಲ್ಲಿ ಎಷ್ಟು ಗಂಟೆಗೆ ಹತ್ತಬೇಕು, ಯಾವ ಸೇತುವೆಯನ್ನು ಯಾವಾಗ ದಾಟಬೇಕು, ಎಲ್ಲವೂ ಬರೆದಿಟ್ಟಿತ್ತು. ಈಗ ತಿರುಗಿಸಿದರೆ ಮೂಡಣದ ಗಡಿಗೆ ತಲುಪುವುದು ಸೈನ್ಯವಲ್ಲ, ಊಟ ಗುಂಡು ಎರಡೂ ಇಲ್ಲದ ಗುಂಪು ಎಂದು ವಾದಿಸಿದ. ಕೈಸರ್ ಸಿಟ್ಟಿನಿಂದ, ನಿಮ್ಮ ದೊಡ್ಡಪ್ಪ ಆಗಿದ್ದರೆ ಬೇರೆ ಉತ್ತರ ಕೊಡುತ್ತಿದ್ದರು ಎಂದುಬಿಟ್ಟ. ಮೋಲ್ಟ್‌ಕೆಯ ದೊಡ್ಡಪ್ಪ ಸಾಮಾನ್ಯನಲ್ಲ. 1870ರಲ್ಲಿ ಸೈನ್ಯವನ್ನು ರೈಲಿನಲ್ಲಿ ತುಂಬಿಕೊಂಡು ಹೋಗಿ ಫ್ರಾನ್ಸನ್ನು ಮಣಿಸಿದ ಸೇನಾಪತಿ. ಆ ಮಾತು ಈ ಮೋಲ್ಟ್‌ಕೆಗೆ ಎಂಥ ಪೆಟ್ಟು ಕೊಟ್ಟಿತೆಂದರೆ, ಕೊನೆವರೆಗೂ ಮರೆಯಲಿಲ್ಲ.

ಅದೇ ಸಂಜೆ ಜರ್ಮನ್ ಸೈನಿಕರ ಒಂದು ಸಣ್ಣ ತಂಡ ಗಡಿ ದಾಟಿ ಲಕ್ಸೆಂಬರ್ಗ್‌ನ ಪುಟ್ಟ ರೈಲು ನಿಲ್ದಾಣವೊಂದನ್ನು ವಶ ಮಾಡಿಕೊಂಡಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಂದವರು, ತಪ್ಪಾಗಿದೆ, ವಾಪಸ್ ಬನ್ನಿ ಎಂದರು. ರಾತ್ರಿ ಲಂಡನ್ನಿನಿಂದ ಇನ್ನೊಂದು ತಂತಿ ಬಂತು. ರಾಯಭಾರಿ ತಪ್ಪು ತಿಳಿದುಕೊಂಡಿದ್ದ. ಕೈಸರ್ ಮೋಲ್ಟ್‌ಕೆಯನ್ನು ಮತ್ತೆ ಕರೆಸಿ, ಇನ್ನು ನಿಮಗೆ ಬೇಕಾದ ಹಾಗೆ ಮಾಡಿ ಎಂದ. ರೈಲುಗಳು ಹೊರಟವು.

ಮೊದಲ ಮಹಾಯುದ್ಧದ ಕಥೆಯನ್ನು ಸಾಮಾನ್ಯವಾಗಿ ಬೋಸ್ನಿಯಾದ ಸರಾಯೆವೊ ಊರಿನಿಂದ ಶುರು ಮಾಡುತ್ತಾರೆ. ಶಾಲೆಯಲ್ಲಿ ನಾವೆಲ್ಲ ಓದಿದ್ದೂ ಅದನ್ನೇ ಅಲ್ವಾ. 1914ರ ಜೂನ್ 28ರಂದು ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್, ಪತ್ನಿ ಸೋಫಿ ಇಬ್ಬರನ್ನೂ 19 ವರ್ಷದ ಬೋಸ್ನಿಯಾ ಸರ್ಬ್ ಹುಡುಗ ಗಾವ್ರಿಲೊ ಪ್ರಿನ್ಸಿಪ್ ಗುಂಡಿಟ್ಟು ಕೊಂದ. ಬೆಳಿಗ್ಗೆ ಅವನ ಜೊತೆಗಾರ ಎಸೆದ ಬಾಂಬ್ ಗುರಿ ತಪ್ಪಿತ್ತು. ಮುಂದೆ ಯುವರಾಜನ ಕಾರಿನ ಚಾಲಕ ತಪ್ಪಾದ ಬೀದಿಗೆ ತಿರುಗಿ ನಿಲ್ಲಿಸಿದ. ನಿಂತ ಜಾಗದಲ್ಲೇ ಪ್ರಿನ್ಸಿಪ್ ಇದ್ದ. 20 ತುಂಬದ ಕಾರಣ ಅವನಿಗೆ ಗಲ್ಲು ಆಗಲಿಲ್ಲ. 1918ರಲ್ಲಿ, ಯುದ್ಧ ಮುಗಿಯುವ ಮೊದಲೇ, ಜೈಲಿನಲ್ಲಿ ಕ್ಷಯದಿಂದ ಸತ್ತ.

ಆದರೆ ಯುರೋಪಿನಲ್ಲಿ ರಾಜರು, ಮಂತ್ರಿಗಳು ಕೊಲೆಯಾಗುವುದು ಆಗ ಹೊಸದೇನೂ ಅಲ್ಲ. ಈ ಕೊಲೆ ಮಾತ್ರ ಐದು ವಾರದಲ್ಲಿ ಖಂಡಕ್ಕೇ ಬೆಂಕಿ ಹಚ್ಚಿದ್ದು ಹೇಗೆ?

ಮೊದಲನೆಯದು, ಒಬ್ಬರಿಗೊಬ್ಬರು ಕೊಟ್ಟ ಮಾತು. ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ 1882ರಿಂದ ಒಂದು ಕೂಟ. ಫ್ರಾನ್ಸ್‌ಗೂ ರಷ್ಯಾಕ್ಕೂ 1894ರಿಂದ ಒಪ್ಪಂದ. ಬ್ರಿಟನ್ 1904ರಲ್ಲಿ ಫ್ರಾನ್ಸ್ ಜೊತೆ, 1907ರಲ್ಲಿ ರಷ್ಯಾ ಜೊತೆ ರಾಜಿ ಮಾಡಿಕೊಂಡಿತ್ತು. 1871ರಲ್ಲಿ ಕಳೆದುಕೊಂಡ ಅಲ್ಸಾಸ್-ಲೋರೇನ್ ಫ್ರಾನ್ಸ್ ಹೊಟ್ಟೆಯಲ್ಲಿ ಕುದಿಯುತ್ತಿತ್ತು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿದ್ದು ಸರ್ಬಿಯಾಕ್ಕೆ ಉರಿ. ಜರ್ಮನಿ ದೊಡ್ಡ ನೌಕಾಪಡೆ ಕಟ್ಟಿದ್ದು ಬ್ರಿಟನ್‌ಗೆ ಉರಿ.

ಎರಡನೆಯದು ರೈಲು. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಲಕ್ಷಾಂತರ ಮೀಸಲು ಸೈನಿಕರನ್ನು ಹೊಲದಿಂದ, ಕಾರ್ಖಾನೆಯಿಂದ ಎಬ್ಬಿಸಿ ಗಡಿಗೆ ತಂದು ನಿಲ್ಲಿಸಬೇಕು. ಯಾರು ಎರಡು ದಿನ ಮೊದಲು ತರುತ್ತಾರೋ ಅವರು ಗೆದ್ದ ಹಾಗೆ ಎಂದು ಎಲ್ಲ ದೇಶದ ಸೇನಾಧಿಕಾರಿಗಳೂ ನಂಬಿದ್ದರು. ಜರ್ಮನಿಯ ಒಂದು ಸೇನಾ ಕೋರ್, ಅಂದರೆ ಹಲವು ಸಾವಿರ ಜನರ ಒಂದು ದೊಡ್ಡ ಪಡೆ, ಸಾಗಿಸಲಿಕ್ಕೇ 140 ರೈಲು ಬೇಕಿತ್ತು. ಜರ್ಮನಿಗೆ ಎರಡೂ ಕಡೆ ಶತ್ರು. ರಷ್ಯಾ ದೊಡ್ಡದು, ಆದರೆ ಅಲ್ಲಿ ಹಳಿ ಕಮ್ಮಿ, ಸೈನ್ಯ ಸೇರುವುದು ನಿಧಾನ. ಆ ನಿಧಾನವೇ ಜರ್ಮನಿಯ ಲೆಕ್ಕದ ಬುನಾದಿ. ಬೆಲ್ಜಿಯಂ ಮೂಲಕ ನುಗ್ಗಿ ಆರು ವಾರದಲ್ಲಿ ಫ್ರಾನ್ಸನ್ನು ಮುಗಿಸುವುದು, ಆಮೇಲೆ ಅದೇ ರೈಲುಗಳಲ್ಲಿ ಮೂಡಣಕ್ಕೆ ಓಡುವುದು. ಈ ನಡುವೆ ಫ್ರಾನ್ಸ್ ಕೊಟ್ಟ ಸಾಲದಲ್ಲಿ ರಷ್ಯಾ ತನ್ನ ಪಡುವಣ ಗಡಿಗೆ ಹೊಸ ಹಳಿ ಹಾಕತೊಡಗಿತು. 1917ರ ಹೊತ್ತಿಗೆ ರಷ್ಯಾ ಕೈಗೆ ಸಿಗುವುದಿಲ್ಲ ಎಂಬ ಭಯ ಬರ್ಲಿನ್‌ಗೆ ಹತ್ತಿತ್ತು. ಹೇಗಿದ್ದರೂ ಬರುವ ಯುದ್ಧ ಈಗಲೇ ಬರಲಿ ಎನ್ನುವವರು ಅಲ್ಲಿ ಕಮ್ಮಿ ಇರಲಿಲ್ಲ.

ಹಾಗಾಗಿ ಜುಲೈ 28ರಂದು ಆಸ್ಟ್ರಿಯಾ, ಕೊಲೆಯ ಹಿಂದೆ ಸರ್ಬಿಯಾದ ಕೈಯಿದೆ ಎಂದು ಅದರ ಮೇಲೆ ಯುದ್ಧ ಸಾರಿ, 30ರಂದು ಸರ್ಬಿಯಾ ಪರ ನಿಂತ ರಷ್ಯಾ ಪೂರ್ತಿ ಸೈನ್ಯ ಸಜ್ಜಿಗೆ ಆದೇಶ ಕೊಟ್ಟಾಗ ಜರ್ಮನಿಯ ಗಡಿಯಾರ ಓಡತೊಡಗಿತು. ಕಾಯುವುದು ಎಂದರೆ ಆ ಆರು ವಾರದ ಲೆಕ್ಕದಿಂದ ದಿನ ಕಳೆದುಕೊಳ್ಳುವುದು. ಆಗಸ್ಟ್ 3ರಂದು ಫ್ರಾನ್ಸ್ ಮೇಲೆ ಯುದ್ಧ, 4ಕ್ಕೆ ಬೆಲ್ಜಿಯಂಗೆ ಲಗ್ಗೆ. ಬೆಲ್ಜಿಯಂ ತಟಸ್ಥವಾಗಿರುತ್ತದೆ ಎಂದು 1839ರಲ್ಲೇ ಸಹಿ ಹಾಕಿದ್ದ ಬ್ರಿಟನ್ ಅದೇ ದಿನ ಕಣಕ್ಕೆ ಇಳಿಯಿತು.

ವೇಳಾಪಟ್ಟಿಯೇ ಯುದ್ಧ ತಂದಿತು ಎಂಬ ವಾದ ಹಳೆಯದು, ಅದನ್ನು ಪೂರ್ತಿ ಒಪ್ಪುವುದು ನನಗೂ ಕಷ್ಟ. ಜರ್ಮನ್ ಸೇನೆಯ ರೈಲು ವಿಭಾಗದ ಮುಖ್ಯಸ್ಥನೇ ಯುದ್ಧ ಮುಗಿದ ಮೇಲೆ, ಆವತ್ತು ನನ್ನನ್ನು ಕೇಳಿದ್ದರೆ ಅರ್ಧಕ್ಕಿಂತ ಜಾಸ್ತಿ ಸೈನ್ಯವನ್ನು ಎರಡು ವಾರದಲ್ಲಿ ಮೂಡಣಕ್ಕೆ ತಿರುಗಿಸಿ ತೋರಿಸುತ್ತಿದ್ದೆ ಎಂದು ಲೆಕ್ಕ ಸಮೇತ ಬರೆದ. ಅಂದರೆ ರೈಲಿಗೆ ಆಗುತ್ತಿತ್ತು. ಆಗೋದಿಲ್ಲ ಎಂದವನು ಮನುಷ್ಯ.

ಆಗಸ್ಟ್ ಮೊದಲೆರಡು ವಾರ ಕಲೋನ್ ಊರಿನ ರೈನ್ ಸೇತುವೆ ಮೇಲೆ ಹಗಲೂ ರಾತ್ರಿ ಸುಮಾರು ಹತ್ತು ನಿಮಿಷಕ್ಕೊಂದು ಸೈನ್ಯದ ರೈಲು. ಅತ್ತ ಫ್ರಾನ್ಸಿನ ಗೂಡ್ಸ್ ಡಬ್ಬಿಗಳ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿರುತ್ತಿತ್ತು: ಆಳು 40, ಕುದುರೆ 8. ಒಳಗಿದ್ದವರು ಹಾಡುತ್ತಿದ್ದರು. ನಿಲ್ದಾಣಗಳಲ್ಲಿ ಜನ ಹೂ ಕೊಡುತ್ತಿದ್ದರು. ಎಲೆ ಉದುರುವ ಮೊದಲು ಮನೆಗೆ ಬರುತ್ತೀರಿ ಎಂದು ಕೈಸರ್ ತನ್ನ ಸೈನಿಕರಿಗೆ ಹೇಳಿ ಕಳಿಸಿದ್ದ.

ಅವರ ಲೆಕ್ಕ ತಪ್ಪಿದ್ದೂ ರೈಲಿನಿಂದಲೇ. ಬೆಲ್ಜಿಯಂ ಸೈನಿಕರು ಹಿಂದೆ ಸರಿಯುವಾಗ ಸುರಂಗ, ಸೇತುವೆ ಉರುಳಿಸಿದರು. ಹಳಿ ಮುಗಿದಲ್ಲಿಂದ ಮುಂದೆ ಜರ್ಮನ್ನರು ನಡೆಯಬೇಕಾಯಿತು. ಆಗಸ್ಟ್ ಬಿಸಿಲಲ್ಲಿ ಮೂಟೆ ಹೊತ್ತು ನಡೆದು ಪ್ಯಾರಿಸ್ ಹತ್ತಿರ ಬರುವಾಗ ಕಾಲು ಬೊಬ್ಬೆ ಎದ್ದು ಸುಸ್ತಾಗಿದ್ದರು. ಫ್ರೆಂಚರಿಗೆ ಮಾತ್ರ ಅವರ ಹಳಿಗಳೆಲ್ಲ ಪ್ಯಾರಿಸ್‌ಗೇ ಸೇರುತ್ತವೆ. ಬೇಕಾದ ಕಡೆ ಸೈನ್ಯ ತಂದು ಹಾಕಿದರು. ಸೆಪ್ಟೆಂಬರ್‌ನಲ್ಲಿ ಮಾರ್ನ್ ನದಿ ಬಳಿ ಜರ್ಮನ್ನರು ಹಿಂದೆ ಸರಿದು ನೆಲ ಅಗೆದು ಕೂತರು. ವರ್ಷ ಮುಗಿಯುವ ಮುನ್ನ ಸಮುದ್ರದಿಂದ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಸುಮಾರು 700 ಕಿಲೋಮೀಟರ್ ಕಂದಕ.

ಮುಂದಿನ ಮೂರು ವರ್ಷ ಆ ಸಾಲು ಯಾಕೆ ಕದಲಲಿಲ್ಲ? ಮಷಿನ್ ಗನ್, ಮುಳ್ಳುತಂತಿ ಎಂದು ಹೇಳುವುದುಂಟು, ಅದು ನಿಜವೇ. ಆದರೆ ಇದನ್ನೂ ನೋಡಿ. ದಾಳಿ ಮಾಡುವವನು ಸಾವಿರಾರು ಜನರನ್ನು ಕಳೆದುಕೊಂಡು ಎದುರಿನ ಕಂದಕದಲ್ಲಿ ಒಂದು ತೂತು ಮಾಡುತ್ತಾನೆ ಅಂತಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಅವನು ಕೆಸರಿನಲ್ಲಿ ನಡೆಯಬೇಕು, ಗುಂಡು, ನೀರು, ತೋಪು ಎಲ್ಲ ಎಳೆದು ತರಬೇಕು. ತಡೆಯುವವನ ಬೆನ್ನ ಹಿಂದೆ ಮಾತ್ರ ರೈಲು ನಿಲ್ದಾಣ. ಇವನು ನಡೆದು ನಾಲ್ಕು ಮೈಲಿ ಬರುವಷ್ಟರಲ್ಲಿ ಅವನು ನೂರು ಮೈಲಿ ದೂರದಿಂದ ಹೊಸ ಸೈನ್ಯ ಇಳಿಸಿ ತೂತು ಮುಚ್ಚಿರುತ್ತಾನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. 1916ರ ಜುಲೈ 1, ಸೋಮ್ ಕದನದ ಮೊದಲ ದಿನ. ಬ್ರಿಟಿಷ್ ಸೈನ್ಯದಲ್ಲಿ ಒಂದೇ ದಿನ ಸತ್ತವರು 19 ಸಾವಿರಕ್ಕೂ ಜಾಸ್ತಿ. ಅದೇ ವರ್ಷ ವೆರ್ಡನ್‌ನಲ್ಲಿ ಹತ್ತು ತಿಂಗಳು ಹೊಡೆದಾಡಿ ಗೆರೆ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಬಿಕ್ಕಟ್ಟು ಬಿಡಿಸಲು ಏನೇನೋ ಹುಡುಕಿದರು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಇಪ್ರೆ ಬಳಿ ಜರ್ಮನ್ನರು ಕ್ಲೋರಿನ್ ಎಂಬ ವಿಷಗಾಳಿ ಬಿಟ್ಟರು. ಅದನ್ನು ನಿಂತು ನೋಡಿಕೊಂಡವನು ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್. ಗಾಳಿಯ ನೈಟ್ರೋಜನ್ನಿನಿಂದ ಅಮೋನಿಯಾ ಮಾಡುವ ದಾರಿ ಕಂಡುಹಿಡಿದವನೂ ಇವನೇ. ಬ್ರಿಟನ್ ಸಮುದ್ರ ಮುಚ್ಚಿ ಚಿಲಿಯ ಪೆಟ್ಲುಪ್ಪು ತಪ್ಪಿಸಿದ ಮೇಲೂ ಜರ್ಮನಿಗೆ ಸಿಡಿಮದ್ದು ತಯಾರಾಗುತ್ತಿದ್ದುದು ಆ ಅಮೋನಿಯಾದಿಂದ. ಇವತ್ತು ನಮ್ಮ ಗದ್ದೆಗೆ ಚೆಲ್ಲುವ ಯೂರಿಯಾ ಮೂಟೆಯ ಮೂಲವೂ ಅದೇ.

ಇಷ್ಟರಲ್ಲಿ ನಮ್ಮವರೂ ಈ ಹಳಿಯ ಮೇಲೆ ಬಂದಾಗಿತ್ತು. 10 ಲಕ್ಷಕ್ಕೂ ಜಾಸ್ತಿ ಭಾರತೀಯರು ಕಡಲಾಚೆ ಹೋದರು, ಸುಮಾರು 74,000 ಮಂದಿ ಮರಳಲಿಲ್ಲ. ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕಿನಲ್ಲಿ, ಹಳಿ ಹಾಕಲು ಭಾರತದಿಂದ ಕಂಬಿ, ಎಂಜಿನ್, ಡಬ್ಬಿ ಹಡಗಿನಲ್ಲಿ ಹೋದವು. 1916ರ ಏಪ್ರಿಲ್‌ನಲ್ಲಿ ಕೂತ್ ಎಂಬಲ್ಲಿ ಅನ್ನವಿಲ್ಲದೆ ಸುಮಾರು 13,000 ಜನ ಜರ್ಮನಿ ಕಡೆ ಸೇರಿದ್ದ ತುರ್ಕರಿಗೆ ಶರಣಾದರು. ಅವರಲ್ಲಿ ಭಾರತೀಯರೇ ಜಾಸ್ತಿ. ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ಅವರಲ್ಲಿ ಎಷ್ಟೋ ಜನರನ್ನು ಬಾಗ್ದಾದ್ ರೈಲು ಮಾರ್ಗದ ಕೆಲಸಕ್ಕೆ ಹಚ್ಚಿದರು.

ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಸೂಯೆಜ್ ಕಾಲುವೆ ಕಾಯಲು. ಆಮೇಲೆ ಪ್ಯಾಲೆಸ್ತೀನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿಯಬೇಕಿತ್ತು. ಅದು ಬಂದರು, ಜೊತೆಗೆ ಡಮಾಸ್ಕಸ್ ಕಡೆಗೆ ಹೋಗುವ ಹಿಜಾಜ್ ರೈಲಿನ ತುದಿ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಜೌಗು. ಮೈಸೂರಿನವರ ಒಂದು ತುಕಡಿ ಬೆಟ್ಟ ಹತ್ತಿ ಮೇಲಿದ್ದ ತೋಪುಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನಿಂದ ಕುದುರೆ ಓಡಿಸಿಕೊಂಡು ಊರೊಳಗೆ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲೇ ಬಿದ್ದರು. ಮಷಿನ್ ಗನ್ನಿಗೆ ಎದುರಾಗಿ ಈಟಿ ಹಿಡಿದವರು ಗೆದ್ದ ಅಪರೂಪದ ದಿನ ಅದು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹ ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ. ಅದರ ಪಕ್ಕದಲ್ಲೇ ದಿನಾ ಬಸ್ಸಿನಲ್ಲಿ ಹೋಗುವವರಲ್ಲಿ ಎಷ್ಟು ಜನ ಗಮನಿಸಿದ್ದಾರೋ.

ಯುದ್ಧದ ಕೊನೆಯೂ ರೈಲಿನಲ್ಲೇ. 1917ರ ಮಾರ್ಚ್‌ನಲ್ಲಿ ರಷ್ಯಾದ ತ್ಸಾರ್ ನಿಕೋಲಾಸ್ ಪಟ್ಟ ಬಿಟ್ಟುಕೊಟ್ಟಿದ್ದು ಪ್ಸ್ಕೋವ್ ನಿಲ್ದಾಣದಲ್ಲಿ ನಿಂತಿದ್ದ ಅರಮನೆ ರೈಲಿನೊಳಗೆ. ಮುಂದಿನ ತಿಂಗಳು ಜರ್ಮನ್ನರು ಸ್ವಿಟ್ಜರ್ಲೆಂಡ್‌ನಿಂದ ಲೆನಿನ್ನನ್ನು ತಮ್ಮ ದೇಶದ ಮೂಲಕ ರೈಲಿನಲ್ಲಿ ದಾಟಿಸಿದರು. ರಷ್ಯಾ ಒಳಗಿನಿಂದ ಕುಸಿಯಲಿ ಎಂಬ ಆಸೆ. ಆಸೆ ಕೈಗೂಡಿತು, ನವೆಂಬರ್‌ನಲ್ಲಿ ಕ್ರಾಂತಿ, 1918ರ ಮಾರ್ಚ್‌ನಲ್ಲಿ ರಷ್ಯಾ ಯುದ್ಧದಿಂದ ಹೊರಗೆ. ಆದರೆ ಅದೇ 1917ರ ಏಪ್ರಿಲ್‌ನಲ್ಲಿ, ಜರ್ಮನ್ ಸಬ್‌ಮರೀನ್‌ಗಳ ಕಾಟಕ್ಕೆ ರೋಸಿ ಅಮೆರಿಕ ಇಳಿದಿತ್ತು. 1918ರ ವಸಂತದಲ್ಲಿ ಜರ್ಮನಿ ಕೊನೆಯ ದೊಡ್ಡ ಏಟು ಹಾಕಿತು. ಆಗಸ್ಟ್ ಹೊತ್ತಿಗೆ ಏಟು ತಿನ್ನುವ ಸರದಿ ಅದರದ್ದು. ನವೆಂಬರ್ 10ರಂದು ಕೈಸರ್ ನೆದರ್ಲೆಂಡ್ಸ್‌ಗೆ ಓಡಿಹೋದ.

ಮರುದಿನ ಬೆಳಗಿನ ಜಾವ ಐದು ದಾಟಿದಾಗ, ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲು ಬೋಗಿಯೊಂದರಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. 2419ಡಿ ಎಂಬ ನಂಬರಿನ ಊಟದ ಬೋಗಿ ಅದು, ಫ್ರಾನ್ಸ್ ಕಡೆಯ ಸೈನ್ಯಗಳ ದಂಡನಾಯಕ ಮಾರ್ಷಲ್ ಫೋಶ್‌ನ ಕಚೇರಿಯಾಗಿ ಬದಲಾಗಿತ್ತು. ಗುಂಡು ನಿಲ್ಲುವುದು 11 ಗಂಟೆಗೆ. ಆ ಆರು ತಾಸಿನ ಗಡುವಿನಲ್ಲೂ ಕೆಲವು ಸೇನಾಪತಿಗಳು ದಾಳಿ ನಿಲ್ಲಿಸಲಿಲ್ಲ. ಅಮೆರಿಕದ ಸೈನಿಕ ಹೆನ್ರಿ ಗುಂಥರ್ ಸತ್ತಿದ್ದು 10 ಗಂಟೆ 59 ನಿಮಿಷಕ್ಕೆ. ಜರ್ಮನಿ ಒಪ್ಪಿಸಬೇಕಾದ ಪಟ್ಟಿಯಲ್ಲಿ 5,000 ಎಂಜಿನ್, 1,50,000 ಡಬ್ಬಿಗಳೂ ಇದ್ದವು. ಗೆದ್ದವರಿಗೆ ಗೊತ್ತಿತ್ತು, ಯಾವುದನ್ನು ಕಿತ್ತುಕೊಳ್ಳಬೇಕು ಅಂತ.

ಸತ್ತ ಸೈನಿಕರು ಹತ್ತಿರ ಹತ್ತಿರ ಒಂದು ಕೋಟಿ. ಅಷ್ಟಕ್ಕೇ ಮುಗಿಯಲಿಲ್ಲ. 1918ರಲ್ಲಿ ಮುಂಬಯಿಗೆ ಹಡಗಿನಲ್ಲಿ ಬಂದ ಫ್ಲೂ, ರೈಲು ಹಿಡಿದು ಒಳನಾಡಿಗೆಲ್ಲ ಹೋಯಿತು. ಭಾರತದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. ಯುದ್ಧಕ್ಕೆ ದುಡ್ಡು, ಆಳು ಎರಡೂ ಕೊಟ್ಟ ದೇಶಕ್ಕೆ ಸಿಕ್ಕಿದ್ದು 1919ರ ರೌಲಟ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್. ತುರ್ಕರ ಸಾಮ್ರಾಜ್ಯವನ್ನು ಬ್ರಿಟನ್, ಫ್ರಾನ್ಸ್ ಹಂಚಿಕೊಂಡವು. ಹೈಫಾ ಸುತ್ತಲಿನ ನೆಲದ ಜಗಳ ಇನ್ನೂ ಆರಿಲ್ಲ.

ಜರ್ಮನಿಯ ಲೆಕ್ಕ ಮುಗಿಸಿದ್ದು ವರ್ಸಾಯ್ ಒಪ್ಪಂದ, 1919ರ ಜೂನ್ 28ರಂದು. ಸರಾಯೆವೊ ಗುಂಡಿಗೆ ಸರಿಯಾಗಿ ಐದು ವರ್ಷ. 1921ರಲ್ಲಿ ಹಾಕಿದ ದಂಡ 13,200 ಕೋಟಿ ಚಿನ್ನದ ಮಾರ್ಕ್. ಕಂತು ತಪ್ಪಿದ್ದಕ್ಕೆ 1923ರ ಜನವರಿಯಲ್ಲಿ ಫ್ರಾನ್ಸ್, ಬೆಲ್ಜಿಯಂ ಸೇರಿ ರೂರ್ ಕಲ್ಲಿದ್ದಲು ಸೀಮೆಗೆ ಸೈನ್ಯ ಕಳಿಸಿದವು. ಅಲ್ಲಿನ ಗಣಿಯವರು, ರೈಲಿನವರು ಕೆಲಸ ಬಿಟ್ಟು ಕೂತರು. ಅವರಿಗೆ ಸಂಬಳ ಕೊಡಲು ಸರಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಜೀವಮಾನದ ಉಳಿತಾಯ ಕೊಟ್ಟರೆ ಒಂದು ಬ್ರೆಡ್ ಬರಲಿಲ್ಲ. ಬೋಗಿಯಲ್ಲಿ ಸಹಿ ಹಾಕಿದ್ದ ಮಂತ್ರಿ ಎರ್ಜ್‌ಬರ್ಗರ್‌ನನ್ನು ದೇಶದ್ರೋಹಿ ಎಂದು 1921ರಲ್ಲೇ ಗುಂಡಿಟ್ಟು ಕೊಂದಿದ್ದರು. ಆ ದಂಡಕ್ಕೆ ಸಂಬಂಧಿಸಿದ ಕೊನೆಯ ಸಾಲದ ಕಂತು ತೀರಿದ್ದು 2010ರ ಅಕ್ಟೋಬರ್ 3ಕ್ಕೆ.

ಬೋಗಿಯನ್ನು ಫ್ರೆಂಚರು ಕಾಂಪಿಯೆನ್‌ನಲ್ಲೇ ಒಂದು ಕಟ್ಟಡದೊಳಗೆ ಜೋಪಾನವಾಗಿ ಇಟ್ಟಿದ್ದರು. 1940ರ ಜೂನ್‌ನಲ್ಲಿ ಜರ್ಮನ್ ಸೈನಿಕರು ಆ ಕಟ್ಟಡದ ಗೋಡೆ ಒಡೆದು, ಬೋಗಿಯನ್ನು 1918ರಲ್ಲಿ ನಿಂತಿದ್ದ ಜಾಗಕ್ಕೇ ತಳ್ಳಿ ತಂದರು. ಹಿಟ್ಲರ್ ಬಂದು ಫೋಶ್ ಕೂತಿದ್ದ ಕುರ್ಚಿಯಲ್ಲಿ ಕೂತ. ತನ್ನ ಸೇನಾಪತಿ ಸೋತ ಫ್ರೆಂಚರಿಗೆ ಷರತ್ತಿನ ಪೀಠಿಕೆ ಓದಿ ಮುಗಿಸುತ್ತಲೇ ಎದ್ದು ಹೋದ. ಮರುದಿನ, 22ರಂದು, ಅದೇ ಬೋಗಿಯಲ್ಲಿ ಫ್ರಾನ್ಸ್ ಸಹಿ ಹಾಕಿತು. ಆಮೇಲೆ ಬೋಗಿ ಬರ್ಲಿನ್‌ಗೆ ಹೋಯಿತು, ಜನ ಸಾಲುಗಟ್ಟಿ ನೋಡಿದರು. 1945ರಲ್ಲಿ ಜರ್ಮನಿ ಮತ್ತೆ ಸೋಲುವಾಗ ಅದು ಥುರಿಂಗಿಯಾದಲ್ಲಿ ಸುಟ್ಟು ಹೋಯಿತು. ಈಗ ಕಾಂಪಿಯೆನ್‌ಗೆ ಹೋದವರಿಗೆ ಕಾಣುವುದು ಅದೇ ಸರಣಿಯ ಇನ್ನೊಂದು ಬೋಗಿ. ಅದರ ಮೇಲೆ ಹಳೆಯ ನಂಬರ್ ಬರೆದಿದ್ದಾರೆ, 2419ಡಿ.