ಊಟದ ಬಿಡುವಿನಲ್ಲಿ ಸಿಗುವ ಸೀನಿಯರ್ ಅಕ್ಕ

ಮೊದಲ ಸೆಮಿಸ್ಟರ್‌ನ ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಪ್ರತಿ ವರ್ಷ ಒಂದು ಮಾತು ಕೇಳುತ್ತೇನೆ: ‘ಮೇಡಂ, ಇದು ನನ್ನ ಕೈಲಿ ಆಗಲ್ಲ.’ ಹೇಳುವವರು ಜಾಸ್ತಿ ಹುಡುಗಿಯರೇ. ಹಾಸನದಲ್ಲಿ 16 ವರ್ಷದಿಂದ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೇನೆ, ಈ ಮಾತು ಮಾತ್ರ ಬದಲಾಗಿಲ್ಲ.

ಹೋದ ವರ್ಷ ಹಾಗೆ ಹೇಳಿದವಳು ಆಲೂರಿನ ಆಚೆಯ ಹಳ್ಳಿಯವಳು. ಹೈಸ್ಕೂಲಿನವರೆಗೂ ಕನ್ನಡ ಮಾಧ್ಯಮ, ಗಣಿತದಲ್ಲಿ ಚುರುಕು. ಒಂದು ಸೆಮಿಕೋಲನ್ ಬಿಟ್ಟಿದ್ದಕ್ಕೆ ಎರರ್ ಬಂದಿತ್ತು. ಪಕ್ಕದ ಹುಡುಗನಿಗೂ ಅದೇ ಎರರ್. ಅವನು ಕಂಪ್ಯೂಟರನ್ನು ಬೈದ. ಇವಳು ತನ್ನನ್ನೇ ಬೈದುಕೊಂಡಳು.

ಇದಕ್ಕೆ ನಾವು ಮಾಡುತ್ತಿದ್ದ ಮದ್ದು ಒಂದೇ. ಬೆಂಗಳೂರಿನಿಂದ ದೊಡ್ಡ ಹುದ್ದೆಯಲ್ಲಿರುವ ಹೆಣ್ಣುಮಗಳೊಬ್ಬರನ್ನು ಕರೆಸಿ ಭಾಷಣ ಮಾಡಿಸುವುದು. ಚಪ್ಪಾಳೆ ಜೋರಾಗಿಯೇ ಬೀಳುತ್ತಿತ್ತು. ಮಾರನೇ ದಿನ ಲ್ಯಾಬ್‌ನಲ್ಲಿ ಮತ್ತೆ ಅದೇ ಭಯ.

ಅಮೆರಿಕದ ತಾರಾ ಡೆನ್ನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತ ಅವರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಇಂಜಿನಿಯರಿಂಗ್ ಸೇರಿದ 150 ಹುಡುಗಿಯರಲ್ಲಿ ಕೆಲವರಿಗೆ ಸೀನಿಯರ್ ಹುಡುಗಿ, ಕೆಲವರಿಗೆ ಸೀನಿಯರ್ ಹುಡುಗ ಮೆಂಟರ್, ಅಂದರೆ ದಾರಿ ತೋರಿಸುವವರು. ಉಳಿದವರಿಗೆ ಯಾರೂ ಇಲ್ಲ. ಮೊದಲ ವರ್ಷ ಮುಗಿದಾಗ, ಹುಡುಗಿ ಮೆಂಟರ್ ಇದ್ದವರಲ್ಲಿ ಒಬ್ಬರೂ ಇಂಜಿನಿಯರಿಂಗ್ ಬಿಟ್ಟಿರಲಿಲ್ಲ. ಉಳಿದ ಎರಡು ಗುಂಪಿನಲ್ಲಿ ಬಿಟ್ಟವರಿದ್ದರು. ಅವರನ್ನು ಉಳಿಸಿದ್ದು ಮಾರ್ಕ್ಸ್ ಅಲ್ಲ. ‘ನಾನೂ ಇಲ್ಲಿಯವಳೇ’ ಅನ್ನುವ ಧೈರ್ಯ.

ದೊಡ್ಡ ಹೆಸರುಗಳು ಬೇಡ ಅಂತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆ ಬೆಳೆಸಿದ ರಾಜೇಶ್ವರಿ ಚಟರ್ಜಿ ಅವರ ಕತೆಯನ್ನು ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಹುಟ್ಟಿದ್ದು ನಂಜನಗೂಡಿನಲ್ಲಿ, 1922ರಲ್ಲಿ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಂದರೆ ಓದಿದ ಹೆಂಗಸನ್ನು ನೋಡಲು ಆ ಹುಡುಗಿ ಮನೆಯಿಂದ ಆಚೆ ಹೋಗಬೇಕಿರಲಿಲ್ಲ. ನಮ್ಮ ಬಹಳಷ್ಟು ಹುಡುಗಿಯರಿಗೆ ಮನೆಯಲ್ಲಿ ಅಂಥವರಿಲ್ಲ. ಹಾಗಾಗಿ ಕಾಲೇಜಿನಲ್ಲೇ ಸಿಗಬೇಕು, ಅಲ್ವಾ?

ಈಗ ಮೊದಲ ವರ್ಷದ ಹುಡುಗಿಗೆ ಮೂರನೇ ವರ್ಷದ ಹುಡುಗಿಯೊಬ್ಬಳನ್ನು ಜೋಡಿ ಮಾಡುತ್ತೇವೆ. ಆದಷ್ಟೂ ಅದೇ ಕಡೆಯ ಊರು, ಅದೇ ಮಾಧ್ಯಮ. ಮೊದಲು ಸಂಜೆ ಸೇರಿಸುತ್ತಿದ್ದೆವು. ಅರ್ಧ ಜನ ಬರುತ್ತಲೇ ಇರಲಿಲ್ಲ. ಆಸಕ್ತಿ ಇಲ್ಲ ಅಂದುಕೊಂಡೆ. ಕೇಳಿದಾಗ ಗೊತ್ತಾಯಿತು, ಊರಿನ ಕೊನೇ ಬಸ್ಸು ಐದೂವರೆಗೆ! ಊಟದ ಬಿಡುವಿಗೆ ಬದಲಾಯಿಸಿದ ಮೇಲೆ ಎಲ್ಲರೂ ಬಂದರು.

ಸೀನಿಯರ್‌ಗೆ ನಾನು ಹೇಳುವುದು ಇಷ್ಟೇ: ಕೋಡ್ ಬರೆದುಕೊಡಬೇಡ. ನಿನ್ನ ಹಳೇ ತಪ್ಪುಗಳನ್ನು ತೋರಿಸು. ಸಿ ಭಾಷೆಯ ಕಷ್ಟದ ಪಾಠವಾದ ಪಾಯಿಂಟರ್ ಬಗ್ಗೆ ಆಲೂರು ಕಡೆಯ ಹುಡುಗಿಗೆ ಅವಳ ಸೀನಿಯರ್ ಅಕ್ಕ ಅಂದದ್ದು ನನ್ನ ಕಿವಿಗೂ ಬಿತ್ತು: ‘ಪಾಯಿಂಟರ್ ನಂಗೂ ತಲೆಗೆ ಹತ್ತಿರಲಿಲ್ಲ ಕಣೇ. ಮೊದಲನೇ ಇಂಟರ್ನಲ್‌ನಲ್ಲಿ ಎಂಟೇ ಮಾರ್ಕ್ಸ್.’ ಹುಡುಗಿ ಜೋರಾಗಿ ನಕ್ಕಳು. ಅವಳು ಲ್ಯಾಬ್‌ನಲ್ಲಿ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಈ ಅಕ್ಕಂದಿರಿಗೆ ಕಾಣುವುದು ನಮಗೆ ಕಾಣುವುದಿಲ್ಲ. ಪ್ರಾಜೆಕ್ಟ್ ಗುಂಪುಗಳಲ್ಲಿ ಹುಡುಗಿಯರಿಗೆ ರಿಪೋರ್ಟು, ಪಿಪಿಟಿ ಕೊಟ್ಟು ಕೋಡಿಂಗ್ ಹುಡುಗರೇ ಇಟ್ಟುಕೊಳ್ಳುತ್ತಾರೆ ಎಂದು ನನಗೆ ಹೇಳಿದ್ದು ಅವರೇ. ಇಷ್ಟು ವರ್ಷ ಆ ರಿಪೋರ್ಟುಗಳನ್ನು ಚೆನ್ನಾಗಿವೆ ಎಂದು ಹೊಗಳಿದವಳು ನಾನು. ಈಗ ವೈವಾದಲ್ಲಿ ಗುಂಪಿನ ಪ್ರತಿಯೊಬ್ಬರನ್ನೂ ಕೇಳುತ್ತೇನೆ: ‘ಇದರಲ್ಲಿ ನೀನು ಬರೆದ ಫಂಕ್ಷನ್ ಯಾವುದು? ತೋರಿಸು.’